ಅಳತೆಯ ಜಗ್ಗು

ಗರ್ಭಕೋಶ ಜಾರಿದ ಮೇಲೆ ನಾಲ್ಕು ವರ್ಷ, ಒಂದಕ್ಕೆ ಹೋಗಬೇಕಾದರೆ ಹೊರಬಂದ ಭಾಗವನ್ನು ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿಯಬೇಕಿತ್ತು. ಮೂತ್ರಕೋಶವೂ ಕೆಳಗಿಳಿದರೆ ಮೂತ್ರನಾಳ ತೋಟದ ಪೈಪಿನ ಹಾಗೆ ಮಡಿಚಿಕೊಳ್ಳುತ್ತದಂತೆ. ಇದನ್ನೆಲ್ಲ ಯಾರಿಗೆ ಹೇಳುವುದು? ಅಕ್ಕನಿಗೂ ಹೇಳಿರಲಿಲ್ಲ. ಆಪರೇಷನ್ ಆದರೆ ಆ ಕಷ್ಟ ತೀರಿತು ಎಂದುಕೊಂಡೇ ಹೋಗಿ ಮಲಗಿದೆ.

ಎರಡನೆಯ ದಿನ ಟ್ಯೂಬಿನ ಮೂಲಕ 300 ಮಿ.ಲೀ. ನೀರು ತುಂಬಿ, ಟ್ಯೂಬು ತೆಗೆದು, "ಹೋಗಿ ಬನ್ನಿ, ಈ ಅಳತೆಯ ಜಗ್ಗಿನಲ್ಲೇ" ಎಂದರು ನರ್ಸಮ್ಮ. ನಲ್ಲಿ ಬಿಟ್ಟುಕೊಂಡು ಕುಳಿತೆ. ದೇವರ ನಾಮವನ್ನೂ ಹೇಳಿಕೊಂಡೆ. ಬಂದದ್ದು 80. ಮೂರು ಹೆತ್ತವಳು ಇಷ್ಟಕ್ಕೆ ಅತ್ತುಬಿಟ್ಟೆ. ಇನ್ನು ಜನ್ಮವಿಡೀ ಚೀಲ ಹೊತ್ತೇ ತಿರುಗಬೇಕೆ?

ಡಾಕ್ಟರಮ್ಮ ಮಂಚದ ಮೇಲೆಯೇ ಕುಳಿತು ಹೇಳಿದರು: ಒಳಗಿನ ಬಾವು, ನೋವು, ಅರಿವಳಿಕೆಯಿಂದ ಹಲವರಿಗೆ ಹೀಗಾಗುತ್ತದೆ; ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ, ಕೆಲವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ತಿಣುಕಬೇಡಿ. ತುಂಬಿಕೊಂಡೇ ಇದ್ದರೆ ಮೂತ್ರಕೋಶ ಹಿಗ್ಗಿ ಸೋಲುತ್ತದೆ, ಅದಕ್ಕೇ ಮತ್ತೆ ಟ್ಯೂಬು.

ಹಾಗೆಯೇ ಮನೆಗೆ ಬಂದೆ, ಸೀರೆಯ ನೆರಿಗೆಯ ಮರೆಯಲ್ಲಿ ಚೀಲ. ಪಕ್ಕದ ಮನೆಯವರು ಬಂದರೆ ಕುಳಿತಲ್ಲಿಂದ ಏಳುತ್ತಿರಲಿಲ್ಲ. ಎಂದೂ ಲೋಟ ತೊಳೆಯದ ನಮ್ಮ ಯಜಮಾನರು ಚೀಲ ಬರಿದು ಮಾಡಿ ಅಳತೆ ಬರೆದಿಡುತ್ತಿದ್ದರು. ಅದೂ ಹಾಲಿನ ಲೆಕ್ಕದ ಪುಸ್ತಕದಲ್ಲಿ!

ಹತ್ತನೆಯ ದಿನ ಮತ್ತೆ ಪರೀಕ್ಷೆ. ಜಗ್ಗಿನಲ್ಲಿ 250. ಸ್ಕ್ಯಾನಿನಲ್ಲಿ ನೋಡಿದರೆ ಒಳಗೆ ಉಳಿದದ್ದು 50 ಮಾತ್ರ, ಬೆರಳಿನ ನೆರವಿಲ್ಲದೆ.

ಸಂಜೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ, "ನನಗೂ ಹಾಗೇ ಕಣೇ, ಆರು ವರ್ಷದಿಂದ" ಎಂದಳು.