ಕಡಲಿಗೆ ಹೊರಡುವ ಮುನ್ನ

ದಾವಣಗೆರೆಯ ಆ ಮನೆಯ ಯಜಮಾನರು ಹುಟ್ಟಿದ್ದು ಗಂಗೊಳ್ಳಿಯಲ್ಲಿ. ಐದು ಹೊಳೆಗಳು ಕೂಡಿ ಕಡಲು ಸೇರುವ ಊರು ಅದು. ಹೊಳೆದಂಡೆಯಲ್ಲಿ ಕುಳಿತು ಗಾಳ ಹಾಕುವುದರಲ್ಲೇ ಬಾಲ್ಯ ಕಳೆಯಿತು. ಆದರೆ ಅಳಿವೆ ದಾಟಿ ಕಡಲಿಗೆ ಹೋಗಲು ಅವರ ತಂದೆ ಒಮ್ಮೆಯೂ ಬಿಡಲಿಲ್ಲ. ಇಪ್ಪತ್ತಕ್ಕೆ ನೌಕರಿ ಸಿಕ್ಕಿತು, ಘಟ್ಟ ಹತ್ತಿದರು. ಮೂವತ್ತೆಂಟು ವರ್ಷ ಲೆಕ್ಕಪತ್ರ ಬರೆದು ನಿವೃತ್ತರಾದರು.

ನಿವೃತ್ತಿಯಾದ ವಾರದಲ್ಲಿ ಊಟಕ್ಕೆ ಕುಳಿತಾಗ, ಉಪ್ಪಿನಕಾಯಿ ಕೇಳಿದಷ್ಟೇ ಸಹಜವಾಗಿ ಅವರೆಂದರು: “ಒಮ್ಮೆ ದೋಣಿಯಲ್ಲಿ ಹೋಗಿ ಒಂದು ಅಂಜಲ್ ಹಿಡೀಬೇಕಿತ್ತು.”

ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದ ಕಿರಿಯ ಮಗಳು ಆ ಮಾತನ್ನು ಹಿಡಿದುಕೊಂಡಳು. ಆ ಸಂಜೆಯೇ ಒಂದು ನೋಟ್‌ಬುಕ್ ತೆಗೆದು, ಪುಟದ ನಡುವೆ ಗೆರೆ ಎಳೆದಳು. ಎಡಕ್ಕೆ ‘ಹೋಗುವುದಾದರೆ’ ಎಂದು ಬರೆದಳು. ಬಲಕ್ಕೆ ‘ಹೋಗಬಾರದೆಂದರೆ’ ಎಂದು ಬರೆದಳು.

ಎಡಬದಿ ಬೇಗ ತುಂಬಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅದು ಮುಗಿದ ಮೇಲೂ ಮಳೆಗಾಲದ ಕಡಲು ನಂಬುವಂಥದ್ದಲ್ಲ. ಆದ್ದರಿಂದ ಡಿಸೆಂಬರ್ ಒಳ್ಳೆಯದು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಸೇರುವುದರಿಂದ ಉಬ್ಬರ ಇಳಿತ ಜೋರು, ನೀರಿನ ಸೆಳವೂ ಜೋರು. ಅಷ್ಟಮಿಯ ಹೊತ್ತಿಗೆ ಎರಡರ ಸೆಳೆತ ಅಡ್ಡಡ್ಡವಾಗಿ, ನೀರಿನ ಏರಿಳಿತ ಕಡಿಮೆ. ಆದ್ದರಿಂದ ಅಷ್ಟಮಿ. ಬೆಳಗಿನ ಜಾವ ನೆಲದಿಂದ ಕಡಲಿಗೆ ತಣ್ಣನೆಯ ಗಾಳಿ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ ಬಿರುಸಾದ ಗಾಳಿ. ಆದ್ದರಿಂದ ಆರಕ್ಕೆ ಹೊರಟು ಹನ್ನೊಂದಕ್ಕೆ ದಡ. ದೋಣಿಯ ಮೂತಿ ಏರಿ ಇಳಿಯುವಾಗ ನಡುಭಾಗ ಅಲುಗುವುದು ಕಡಿಮೆ, ಮಕ್ಕಳ ಏರುಪೇರು ಹಲಗೆಯ ಹಾಗೆ. ಆದ್ದರಿಂದ ಅಪ್ಪಯ್ಯನ ಜಾಗ ನಡುವೆ. ಹೊಟ್ಟೆ ಖಾಲಿ ಇರಬಾರದು, ಭರ್ತಿಯೂ ಆಗಬಾರದು: ಎರಡು ಇಡ್ಲಿ. ತಲೆ ಸುತ್ತುವಂತಾದರೆ ದೂರದ ದಿಗಂತವನ್ನು ನೋಡುವುದು, ಏಕೆಂದರೆ ಕಿವಿಯೊಳಗಿನ ಸಮತೋಲದ ಅಂಗ ಹೇಳುವುದೂ ಕಣ್ಣು ಹೇಳುವುದೂ ಬೇರೆಯಾದಾಗಲೇ ಹೊಟ್ಟೆ ತೊಳಸುವುದು.

ಮಲ್ಪೆಯಲ್ಲಿ ಪ್ರವಾಸಿಗರನ್ನು ಒಯ್ಯಲು ಪರವಾನಗಿ ಇರುವ ದೋಣಿಯವರೊಬ್ಬರು ಫೋನಿನಲ್ಲಿ ಸಿಕ್ಕರು. ಅವಳ ಪ್ರಶ್ನೆಗಳು ಸಿದ್ಧವಿದ್ದವು. ಡೀಸೆಲ್ ಬಾಡಿಗೆಯಲ್ಲೇ ಸೇರಿದೆಯೆ? ಗಾಳ, ಎರೆ ಯಾರದು? ಎಲ್ಲರಿಗೂ ಲೈಫ್ ಜಾಕೆಟ್ ಇದೆಯೆ? ಹವೆ ಕೆಟ್ಟು ಹೋಗದಿದ್ದರೆ ಮುಂಗಡ ಏನಾಗುತ್ತದೆ? “ಇನ್ನೊಂದು ದಿನಕ್ಕೆ ಹಿಡ್ಕೊಳ್ವ” ಎಂದರು ದೋಣಿಯವರು. ಅದನ್ನೂ ಬರೆದುಕೊಂಡಳು. ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554 ಪುಟದ ಮೇಲ್ತುದಿಗೆ ಬಂತು.

ಬಲಬದಿಯನ್ನು ಕಂಡು ಅಪ್ಪ ನಕ್ಕರು. “ಡಿಸೆಂಬರಿನಲ್ಲಿ ಕಡಲು ಕೆರೆ ಇದ್ದ ಹಾಗೆ ಮಗಾ.” ಮಗಳು 2017ರ ಓಖಿ ಚಂಡಮಾರುತವನ್ನು ನೆನಪಿಸಿದಳು. ನವೆಂಬರ್ ಕೊನೆ, ಡಿಸೆಂಬರ್ ಮೊದಲ ದಿನಗಳು. ಕೇರಳ, ತಮಿಳುನಾಡುಗಳಿಂದ ಕಡಲಿಗೆ ಹೋಗಿದ್ದ ಎಷ್ಟೋ ಮೀನುಗಾರರು ಮರಳಲಿಲ್ಲ. ಅಪ್ಪ ನಗು ನಿಲ್ಲಿಸಿದರು. ‘ಮುನ್ಸೂಚನೆಯಲ್ಲಿ ಅಲೆ ಒಂದೂವರೆ ಮೀಟರಿಗಿಂತ ಎತ್ತರವಿದ್ದರೆ ಇಲ್ಲ’ ಎಂದು ಅವಳು ಬರೆದಳು. ಅದರ ಕೆಳಗೆ ‘ಅಪ್ಪಯ್ಯನಿಗೆ ತಲೆಸುತ್ತು, ಬಿ.ಪಿ. ಇದ್ದರೆ?’ ಎಂದು ಬರೆದು ತಲೆ ಎತ್ತಿ ನೋಡಿದಳು.

“ನಂಗೆಂಥದೂ ಇಲ್ಲ” ಎಂದು ಅವರು ಎದ್ದು ಹೋದರು.

ಮರುದಿನ ಬೆಳಿಗ್ಗೆ ನೋಟ್‌ಬುಕ್ ತೆರೆದರೆ ಆ ಪುಟದಲ್ಲಿ ಅರ್ಧ ಖಾಲಿಯಾದ ಮಾತ್ರೆಯ ಹಾಳೆಯೊಂದು ಇತ್ತು. ಇಟ್ಟವರು ಅಮ್ಮ. ಎರಡು ವರ್ಷದಿಂದ ಬಿ.ಪಿ. ಮಾತ್ರೆ, ಮಕ್ಕಳಿಗೆ ಹೇಳಬಾರದೆಂದು ಅಪ್ಪನ ಅಪ್ಪಣೆ. ಮಗಳಿಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಒಂದು ಸಾಲು ಸೇರಿಸಿದಳು: ‘ಹೋಗುವವರು ಇಬ್ಬರೂ ಡಾಕ್ಟರಿಗೆ ತೋರಿಸಬೇಕು.’

“ನಾನೇನು ರೋಗಿಯಾ?” ಎಂದು ಅಪ್ಪ ಕೇಳಿದರು. “ಇಬ್ಬರೂ ಅಂತ ಬರೆದಿದೀನಿ ಅಪ್ಪಯ್ಯ” ಎಂದಳು. ಎರಡು ದಿನ ಮಾತಿಲ್ಲ. ಮೂರನೆಯ ದಿನ ಅವರೇ ಚಪ್ಪಲಿ ಮೆಟ್ಟಿ, “ಬಾ, ಡಾಕ್ಟರ ಹತ್ತಿರ ಹೋಗಿ ಬರುವ” ಎಂದರು. ಡಾಕ್ಟರು ಒಪ್ಪಿದರು. ಬೆಳಗಿನ ಮಾತ್ರೆ ತಪ್ಪಬಾರದು, ನೀರು ಕುಡಿಯುತ್ತಿರಬೇಕು, ಅರ್ಧ ದಿನ ಸಾಕು ಎಂದರು.

ಅಷ್ಟಮಿಯ ಮುಂಜಾವ ಇಬ್ಬರೂ ಮಲ್ಪೆಯಲ್ಲಿದ್ದರು. ಆಕಾಶ ತಿಳಿಯಾಗಿತ್ತು, ತೆಂಗಿನ ಗರಿ ಅಲುಗುತ್ತಿರಲಿಲ್ಲ. ಆದರೆ ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರದ ಮುನ್ಸೂಚನೆ ಎರಡು ಮೀಟರ್ ಅಲೆ ಎನ್ನುತ್ತಿತ್ತು. ಚಳಿಗಾಲದಲ್ಲಿ ಪರ್ಷಿಯನ್ ಕೊಲ್ಲಿಯ ಕಡೆ ಬೀಸುವ ಶಮಾಲ್ ಗಾಳಿ ಎಬ್ಬಿಸಿದ ಅಲೆಗಳು ಅರಬ್ಬಿ ಸಮುದ್ರವನ್ನು ಹಾಯ್ದು ನಮ್ಮ ದಡದವರೆಗೂ ಬರುವುದುಂಟು. ಇಲ್ಲಿ ಗಾಳಿ ಇಲ್ಲದಿದ್ದರೂ ಕಡಲು ಉಬ್ಬುತ್ತದೆ.

“ಸ್ವಲ್ಪ ತೂಫಾನು ಉಂಟು. ಹೋಗುದಾದ್ರೆ ಹೋಗುವ, ನೀವೇ ಹೇಳಿ ಮಾರಾಯ್ರೆ” ಎಂದರು ದೋಣಿಯವರು.

ಮಗಳ ಮನಸ್ಸು ಡೋಲಾಯಮಾನವಾಯಿತು. ರಾತ್ರಿಯಿಡೀ ಬಸ್ಸಿನ ಪ್ರಯಾಣ, ತಿಂಗಳುಗಳ ಸಿದ್ಧತೆ, ಅಪ್ಪಯ್ಯನ ಒಂದೇ ಒಂದು ಆಸೆ. “ಅರ್ಧ ಮೀಟರ್ ತಾನೇ ಹೆಚ್ಚು? ಹೋಗಿ ಬಂದುಬಿಡೋಣ” ಎಂದಳು.

ಅಪ್ಪ ಅವಳ ಚೀಲದಿಂದ ನೋಟ್‌ಬುಕ್ ತೆಗೆದು, ಕನ್ನಡಕ ಏರಿಸಿ, ಬಲಬದಿಯ ಸಾಲನ್ನು ಗಟ್ಟಿಯಾಗಿ ಓದಿದರು. “ಇದು ನಿನ್ನ ಅಕ್ಷರವಾ, ನನ್ನದಾ?” ಮಗಳು ಸುಮ್ಮನಾದಳು. “ಮನೆಯಲ್ಲಿ ಕುಳಿತು ಯೋಚನೆ ಮಾಡಿ ಬರೆದದ್ದು. ದಡದಲ್ಲಿ ನಿಂತಾಗ ಆಸೆ ಲೆಕ್ಕ ಹಾಕುತ್ತದೆ. ಅದು ಯಾವತ್ತೂ ತಪ್ಪು ಲೆಕ್ಕ.”

ನಲವತ್ತು ವರ್ಷಗಳ ಹಿಂದೆ ತಮ್ಮ ತಂದೆ ಏಕೆ ಬಿಡಲಿಲ್ಲ ಎಂಬುದು ಅವರಿಗೆ ಆಗ ಹೊಳೆದಿರಬೇಕು. ಪ್ರವಾಸಕ್ಕೆ ಯೋಜನೆ ಎಂದರೆ ಬಸ್ಸು, ಬಾಡಿಗೆ, ಬುತ್ತಿ ಮಾತ್ರವಲ್ಲ. ಯಾವಾಗ ಹಿಂದಿರುಗಬೇಕು ಎಂಬುದನ್ನು ಮನಸ್ಸು ತಿಳಿಯಾಗಿದ್ದಾಗಲೇ ನಿರ್ಧರಿಸಿಡುವುದೂ ಯೋಜನೆಯೇ. ಮುಚ್ಚಿಟ್ಟ ಮಾತ್ರೆಯ ಹಾಳೆ ಆ ಪಟ್ಟಿಗೆ ಬಾರದಿದ್ದರೆ ಪಟ್ಟಿಯೇ ಸುಳ್ಳಾಗುತ್ತಿತ್ತು.

ಮುಂಗಡ ದೋಣಿಯವರ ಬಳಿಯೇ ಉಳಿಯಿತು. ಅಪ್ಪ ಮಗಳು ಹೋಟೆಲಿನಲ್ಲಿ ಎರಡೆರಡು ಇಡ್ಲಿ ತಿಂದರು. ಅಪ್ಪ ಅವಳೆದುರಿಗೇ ಜೇಬಿನಿಂದ ಮಾತ್ರೆ ತೆಗೆದು ನುಂಗಿದರು. ಆಮೇಲೆ ಮೇಜಿನ ಮೇಲೆ ದಾರ ಹರಡಿ, ಗಾಳಕ್ಕೆ ಗಂಟು ಹಾಕುವುದನ್ನು ಅವಳಿಗೆ ಕಲಿಸತೊಡಗಿದರು. ಮುಂದಿನ ಅಷ್ಟಮಿಗೆ ಇನ್ನು ಹದಿನೈದು ದಿನವಿತ್ತು.