ಕರಿಯ ಕಾರಿಗೆ ಯಾವ ಮೇಣ?

ಕರಿಯ ಬಣ್ಣದ ಕಾರನ್ನು ಮನೆಗೆ ತಂದ ಗೃಹಸ್ಥನಿಗೆ ಮೊದಲ ವಾರವೆಲ್ಲ ಹೆಮ್ಮೆ. ಎರಡನೆಯ ವಾರದಿಂದ ಚಿಂತೆ. ಬಿಳಿಯ ಗಾಡಿಯ ಮೇಲೆ ಹದಿನೈದು ದಿನದ ಧೂಳು ಕುಳಿತರೂ ಅದು ದಾರಿಹೋಕರ ಕಣ್ಣಿಗೆ ಅಷ್ಟಾಗಿ ಬೀಳದು. ಕರಿಯ ಗಾಡಿಯ ಮೇಲಾದರೋ ಕಾಗೆ ಕೂತು ಹೋದ ಗುರುತು, ಬೆಕ್ಕು ನಡೆದ ಹೆಜ್ಜೆ, ನೀರಿನ ಹನಿ ಒಣಗಿ ಉಳಿದ ಉಂಗುರ, ಎಲ್ಲವೂ ಬರೆದಿಟ್ಟಂತೆ ತೋರುತ್ತವೆ. ಇಂತಹ ಬಣ್ಣಕ್ಕೆ ಬಹುಕಾಲ ನಿಲ್ಲುವ ಮೇಣವಾವುದು, ಲೇಪವಾವುದು ಎಂದು ಕೇಳುವವರು ಮೈಸೂರಿನ ನಮ್ಮ ಬೀದಿಯೊಂದರಲ್ಲಿಯೇ ನಾಲ್ವರಿದ್ದಾರೆ. ನಮ್ಮ ಮನೆಯಲ್ಲಿಯೂ ಈ ಪ್ರಶ್ನೆ ಎದ್ದಿತು. ಅದರೊಡನೆ ಒಬ್ಬ ದುಡಿಯುವವನ ಅನ್ನದ ಪ್ರಶ್ನೆಯೂ ಸೇರಿಕೊಂಡಿತು. ಆದಕಾರಣ ನಾವು ಇದನ್ನು ಸಾವಧಾನವಾಗಿ ವಿಚಾರಿಸಬೇಕಾಯಿತು. ಆ ವಿಚಾರದ ಸಾರವನ್ನು ವಾಚಕರ ಮುಂದೆ ಇಡುವೆವು.

ಮೊದಲು ಕಪ್ಪಿನ ಸ್ವಭಾವವನ್ನು ತಿಳಿಯಬೇಕು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಕರಿಹಲಗೆಯ ಮುಂದೆ ನಿಂತವರಿಗೆ ಇದನ್ನು ಬೇರೊಬ್ಬರು ಹೇಳಿಕೊಡಬೇಕಾಗಿಲ್ಲ. ಹಲಗೆಗೆ ಕಪ್ಪು ಬಳಿಯುವುದೇ ಸೀಮೆಸುಣ್ಣದ ಗೆರೆ ಎದ್ದು ಕಾಣಲೆಂದು. ಕಪ್ಪು ತನ್ನ ಮೇಲೆ ಬಿದ್ದ ಬೆಳಕನ್ನು ಬಹುಪಾಲು ನುಂಗಿಬಿಡುತ್ತದೆ. ಅದರ ಮೇಲಿನ ಸಣ್ಣ ಗೀರು ಮಾತ್ರ ಬೆಳಕನ್ನು ದಿಕ್ಕುದಿಕ್ಕಿಗೆ ಚೆದರಿಸಿ ಬೆಳ್ಳಗೆ ಹೊಳೆಯುತ್ತದೆ. ಅಂತಹ ಗೀರು ಬಿಳಿಯ ಗಾಡಿಯ ಮೇಲೂ ಉಂಟು, ಕಾಣುವುದಿಲ್ಲ, ಅಷ್ಟೆ. ನುಂಗಿದ ಬೆಳಕು ಕಾವಾಗಿ ಪರಿಣಮಿಸುತ್ತದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯವರು ಒಂದೇ ಬಗೆಯ ಎರಡು ಗಾಡಿಗಳನ್ನು, ಒಂದು ಕಪ್ಪು ಇನ್ನೊಂದು ಬೆಳ್ಳಿಯ ಬಣ್ಣದ್ದು, ಬಿಸಿಲಿನಲ್ಲಿ ನಿಲ್ಲಿಸಿ ಅಳೆದು ೨೦೧೧ರಲ್ಲಿ ಪ್ರಕಟಿಸಿದ ಪ್ರಕಾರ, ಬೆಳ್ಳಿಬಣ್ಣದ ಗಾಡಿಯ ಮೇಲ್ಛಾವಣಿಗಿಂತ ಕಪ್ಪು ಗಾಡಿಯದು ೨೫ ಡಿಗ್ರಿ ಸೆಲ್ಸಿಯಸ್ಸಿನವರೆಗೂ ಹೆಚ್ಚು ಕಾದಿತ್ತು. ಆದ್ದರಿಂದ ಕರಿಯ ಕಾರಿನ ಲೇಪಕ್ಕೆ ಎರಡು ಪರೀಕ್ಷೆಗಳು: ಅದು ಕಾವನ್ನು ತಾಳಬೇಕು, ಗೀರುಗಳಿಗೂ ಕಾರಣವಾಗಬಾರದು.

ಇನ್ನು ನಾವು ಕಾಪಾಡಬೇಕಾದುದು ಏನೆಂಬುದನ್ನೂ ನೋಡೋಣ. ಹೆನ್ರಿ ಫೋರ್ಡನ ಕಾರ್ಖಾನೆಯಲ್ಲಿ ೧೯೧೪ರಿಂದ ೧೯೨೫ರವರೆಗೆ ಮಾಡೆಲ್ ಟಿ ಕಾರು ಕಪ್ಪು ಬಣ್ಣವೊಂದರಲ್ಲಿಯೇ ತಯಾರಾಗುತ್ತಿತ್ತು. ಹಳೆಯ ಗಾಡಿಗಳಲ್ಲಿ ಮೇಲೆ ಕಾಣುವುದೇ ಬಣ್ಣ. ತಿಕ್ಕಿದರೆ ಬಟ್ಟೆಗೆ ಕಪ್ಪು ಹತ್ತುತ್ತಿತ್ತು. ಇಂದಿನ ಗಾಡಿಗಳಲ್ಲಿ ಬಣ್ಣದ ಮೇಲೆ ಬಣ್ಣವಿಲ್ಲದ ತಿಳಿಯಾದ ಪದರವೊಂದಿರುತ್ತದೆ. ಕ್ಲಿಯರ್ ಕೋಟ್ ಎಂದು ಅದರ ಹೆಸರು. ಕಾರ್ಖಾನೆಯಿಂದ ಬಂದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರಾನ್ ದಪ್ಪ. ಅದರಲ್ಲಿ ಈ ತಿಳಿಪದರ ಸುಮಾರು ೪೦ರಿಂದ ೫೦. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಯ ಕೂದಲೇ ಸುಮಾರು ೭೦ ಮೈಕ್ರಾನ್ ಇದ್ದೀತು. ಅಂದಮೇಲೆ ಕಾರಿನ ಕಾಂತಿಯೆಲ್ಲ ಕೂದಲಿಗಿಂತ ತೆಳುವಾದ ಪೊರೆಯೊಂದರಲ್ಲಿದೆ. ಗೀರು ಹೋಗಲೆಂದು ಯಂತ್ರದಿಂದ ಪಾಲಿಶ್ ಹಿಡಿಸಿದಾಗಲೆಲ್ಲ ಈ ಪೊರೆ ಕೊಂಚ ಸವೆಯುತ್ತದೆ. ಇದು ಅಸಲಿನಿಂದ ಮಾಡುವ ಖರ್ಚು, ಬಡ್ಡಿಯಿಂದಲ್ಲ.

ಲೇಪಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಸಹಜವಾದ ಮೇಣ. ಇದು ನಮ್ಮವರಿಗೆ ಹೊಸದಲ್ಲ. ಜೇನುಮೇಣಕ್ಕೆ ಸಂಸ್ಕೃತದಲ್ಲಿ ಮಧೂಚ್ಛಿಷ್ಟವೆಂದು ಹೆಸರು. ಜೇನನ್ನು ತೆಗೆದುಕೊಂಡ ಮೇಲೆ ಉಳಿದದ್ದು ಎಂದರ್ಥ. ಅದರಿಂದ ಅಚ್ಚು ಮಾಡಿ ಲೋಹದ ವಿಗ್ರಹಗಳನ್ನು ಎರಕ ಹೊಯ್ಯುವ ಕ್ರಮ ಇಂದಿಗೂ ನಡೆದುಬಂದಿದೆ. ಆದರೆ ಜೇನುಮೇಣ ೬೨ರಿಂದ ೬೪ ಡಿಗ್ರಿಯ ಕಾವಿಗೇ ಕರಗುವುದರಿಂದ ಕಾರಿಗೆ ಅದೊಂದೇ ಸಾಲದು. ಕಾರಿನವರು ಮೆಚ್ಚುವ ಕಾರ್ನೌಬ ಮೇಣ ಬ್ರೆಜಿಲ್ ದೇಶದ ಈಶಾನ್ಯಭಾಗದಲ್ಲಿ ಬೆಳೆಯುವ ತಾಳೆಯ ಜಾತಿಯ ಒಂದು ಮರದ ಎಲೆಯಿಂದ ಬರುತ್ತದೆ. ಬಿಸಿಲಿಗೆ ಎಲೆಯ ತೇವ ಆರಿಹೋಗದಂತೆ ಮರವು ತಾನೇ ಹೊದ್ದುಕೊಂಡ ಹೊದಿಕೆ ಅದು. ಎಲೆಗಳನ್ನು ಒಣಗಿಸಿ, ಬಡಿದು, ಅದನ್ನು ಉದುರಿಸಿಕೊಳ್ಳುತ್ತಾರೆ. ಅದು ಕರಗಲು ೮೨ರಿಂದ ೮೬ ಡಿಗ್ರಿ ಬೇಕು. ಆದರೆ ಡಬ್ಬಿಯಲ್ಲಿ ಸಿಕ್ಕುವುದು ಶುದ್ಧವಾದ ಕಾರ್ನೌಬವಲ್ಲ. ಅದು ಬಹಳ ಗಡುಸಾದ್ದರಿಂದ ಎಣ್ಣೆಗಳನ್ನೂ ಮೃದುವಾದ ಬೇರೆ ಮೇಣಗಳನ್ನೂ ಬೆರೆಸಿ ಬಳಿಯಲು ಬರುವಂತೆ ಮಾಡಿರುತ್ತಾರೆ. ಕಪ್ಪಿಗೆ ಇದು ತರುವ ಕಾಂತಿ ಆಳವಾದದ್ದು. ಆಯುಸ್ಸು ಮಾತ್ರ ಕೆಲವು ವಾರಗಳಿಂದ ಎರಡು ಮೂರು ತಿಂಗಳು.

ಎರಡನೆಯದು ರಾಸಾಯನಿಕವಾಗಿ ತಯಾರಿಸಿದ ಪಾಲಿಮರ್ ಲೇಪ. ಅಂಗಡಿಯಲ್ಲಿ ಸೀಲೆಂಟ್ ಎಂದು ಕೇಳಬೇಕು. ಇದರ ಹೊಳಪು ಗಾಜಿನಂತಹುದು. ಕಾವನ್ನೂ ಸಾಬೂನನ್ನೂ ಮೇಣಕ್ಕಿಂತ ಚೆನ್ನಾಗಿ ತಾಳಿ ನಾಲ್ಕರಿಂದ ಆರು ತಿಂಗಳು ನಿಲ್ಲುತ್ತದೆ. ಮೂರನೆಯದು ಸೆರಾಮಿಕ್ ಕೋಟಿಂಗ್. ಸಿಲಿಕಾದ ಸಂಬಂಧದ ದ್ರವವಾದ ಇದು ಬಣ್ಣದ ಮೇಲೆ ಗಟ್ಟಿಯಾಗಿ ಕಚ್ಚಿಕೊಂಡು, ಚೆನ್ನಾಗಿ ಹಾಕಿದ್ದರೆ, ಒಂದರಿಂದ ಕೆಲವು ವರ್ಷಗಳವರೆಗೆ ಇರುತ್ತದೆ. ಇದರ ಸೀಸೆಯ ಮೇಲೆ ೯ಎಚ್ ಎಂಬ ಗಡಸುತನವನ್ನು ದೊಡ್ಡಕ್ಷರದಲ್ಲಿ ಮುದ್ರಿಸಿರುತ್ತಾರೆ. ವಾಚಕರು ಇದನ್ನು ವಜ್ರದ ಸಮೀಪದ ಗಡಸೆಂದು ಭಾವಿಸಕೂಡದು. ಅದು ಪೆನ್ಸಿಲ್ಲಿನ ಲೆಕ್ಕ. ಮಕ್ಕಳು ಬರೆಯುವ ಎಚ್‌ಬಿ ಕಡ್ಡಿ ಇದೆಯಲ್ಲ, ಅದೇ ವರ್ಗದಲ್ಲಿ ೯ಎಚ್ ಬಹು ಗಡುಸಾದ ಕಡ್ಡಿ. ಆ ಕಡ್ಡಿಯಿಂದ ಗೀಚಿದರೆ ಗೆರೆ ಬೀಳದು ಎಂಬುದಷ್ಟೆ ಆ ಮಾತಿನ ಅರ್ಥ. ಬೀದಿಯ ಮರಳಿನ ಕಣ ಪೆನ್ಸಿಲ್ಲಿಗಿಂತ ಬಹಳ ಗಟ್ಟಿ. ಅದು ಗಾಜನ್ನೂ ಗೀರುತ್ತದೆ.

ಈಗ ನಮ್ಮ ಮನೆಯ ಸಂಗತಿ. ನಮ್ಮ ಮಗನು ೨೦೨೧ರಲ್ಲಿ ಕರಿಯ ಕಾರೊಂದನ್ನು ಕೊಂಡನು. ೨೦೨೪ರ ಸಂಕ್ರಾಂತಿಯ ಹೊತ್ತಿಗೆ ಬಿಸಿಲಿನಲ್ಲಿ ನೋಡಿದರೆ ಬಾನೆಟ್ಟಿನ ಮೇಲೆಲ್ಲ ಜೇಡರ ಬಲೆಯಂತೆ ಸುತ್ತುಸುತ್ತಾದ ಗೀರುಗಳು. ಅಂಗಡಿಯೊಂದಕ್ಕೆ ಒಯ್ದು ತೋರಿಸಿದಾಗ, ಸೆರಾಮಿಕ್ ಹಾಕಿಸಿರಿ, ಮುಂದೆ ಗೀರೂ ಬೀಳದು, ತೊಳೆಯುವ ಕಷ್ಟವೂ ಇಲ್ಲ ಎಂದರಂತೆ. ಹೇಳಿದ ಮೊತ್ತ ಸಣ್ಣದಾಗಿರಲಿಲ್ಲ. ಆ ಹಣವನ್ನು ಹೊಂದಿಸಬೇಕಾದರೆ ಕಾರು ಒರಸುವವನನ್ನು ಬಿಡಿಸಬೇಕು. ಗೀರಿಗೆ ಅವನೇ ಕಾರಣ, ಬಿಡಿಸುವುದು ನ್ಯಾಯವೂ ಹೌದು ಎಂದು ಮನೆಯಲ್ಲಿ ಮಾತಾಯಿತು.

ಆತನು ಬೆಳಗಿನ ಐದು ಗಂಟೆಗೆ ಬಂದು ಎಂಟರೊಳಗೆ ನಮ್ಮ ಬೀದಿಯ ಹನ್ನೊಂದು ಕಾರುಗಳನ್ನು ಒರಸಿ, ಅನಂತರ ಮಂಡಿಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಹೋಗುವವನು. ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ಮಾತು ಅವನ ಕಿವಿಗೂ ಬಿದ್ದಿತು. ಮಾರನೆಯ ದಿನ ಗೇಟಿನ ಬಳಿ ನಿಂತು, "ಮೇಷ್ಟ್ರೇ, ಮೂರು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ನಾನು ಉಗುರು ಕೂಡ ತಾಗಿಸಿಲ್ಲ" ಎಂದನು. ಅವನ ಮಾತು ನಿಜ. ಗೀರುಗಳೂ ನಿಜ. ಎರಡೂ ನಿಜವಾಗಿರುವಾಗ ಕಾರಣವನ್ನು ಬೇರೆಡೆ ಹುಡುಕಬೇಕಷ್ಟೆ.

ಅವನ ಒರಸುವ ಬಟ್ಟೆಯನ್ನು ಕೇಳಿ ತೆಗೆದುಕೊಂಡು, ಒಂದು ಗಾಜಿನ ಲೋಟದ ನೀರಿನಲ್ಲಿ ಹಿಂಡಿ, ಊಟದ ಮೇಜಿನ ಮೇಲೆ ಇಟ್ಟೆವು. ಕಾಫಿ ಮುಗಿಯುವಷ್ಟರಲ್ಲಿ ತಳದಲ್ಲಿ ಮರಳು ತೆಳ್ಳಗೆ ಕುಳಿತಿತು. ಮಗನು ಲೋಟವನ್ನು ಬೆಳಕಿಗೆ ಹಿಡಿದು, "ಅಪ್ಪ, ಇದನ್ನೇ ದಿನವೂ ಗಾಡಿಗೆ ತಿಕ್ಕುತ್ತಿದ್ದುದೇ?" ಎಂದನು. ಹನ್ನೊಂದು ಗಾಡಿಗೆ ಇದ್ದುದು ಒಂದೇ ಬಟ್ಟೆ. ಮನೆಗೆ ಅರ್ಧ ಬಕೆಟ್ಟು ನೀರು. ಕರಿಹಲಗೆಯನ್ನು ಸುಣ್ಣ ತುಂಬಿದ ಡಸ್ಟರಿನಿಂದ ಒರಸಿದರೆ ಹಲಗೆ ಬೆಳ್ಳಗಾಗುವುದು ಒರಸಿದ ಹುಡುಗನ ದೋಷದಿಂದಲ್ಲ. ಆ ಬಟ್ಟೆ, ಆ ನೀರು ಬದಲಾಗದೆ ಎಷ್ಟು ಬೆಲೆಯ ಲೇಪ ಹಾಕಿಸಿದರೂ ಅದರ ಮೇಲೆಯೂ ಅದೇ ಮರಳು ಆಡುವುದೆಂಬುದು ಮನೆಯವರೆಲ್ಲರಿಗೂ ಮನವರಿಕೆಯಾಯಿತು. ಸೊಸೆಯೇ, "ಮಾವ, ಹಾಗಾದರೆ ಮೊದಲು ಅವನಿಗೆ ಒಳ್ಳೆಯ ಬಟ್ಟೆ ತಂದುಕೊಡೋಣ" ಎಂದಳು.

ತಂದುದು ಇಷ್ಟು: ಬಕೆಟ್ಟುಗಳೆರಡು, ದಪ್ಪನೆಯ ಮೈಕ್ರೋಫೈಬರ್ ಬಟ್ಟೆಗಳು ಆರು, ಕಾರಿಗೆಂದೇ ತಯಾರಿಸಿದ ಶಾಂಪು ಒಂದು ಸೀಸೆ. ಬಟ್ಟೆ ಒಗೆಯುವ ಪುಡಿಯನ್ನು ನಿಲ್ಲಿಸಿದೆವು. ಅದು ಲೇಪವನ್ನು ಬೇಗ ತೆಗೆದುಬಿಡುತ್ತದೆ. ಒಣಧೂಳನ್ನು ಬಟ್ಟೆಯಿಂದ ಕೊಡಹುವುದು ಕೂಡದು. ಮೊದಲು ನೀರು ಹಾಕಿ ಧೂಳನ್ನು ಇಳಿಸಬೇಕು. ಬಳಿಕ ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಶಾಂಪುವಿನ ಬಕೆಟ್ಟಿಗೆ ಬಟ್ಟೆಯನ್ನು ಅದ್ದುವ ಮುನ್ನ ಪ್ರತಿ ಸಲವೂ ಬರಿನೀರಿನ ಬಕೆಟ್ಟಿನಲ್ಲಿ ಜಾಲಿಸಬೇಕು. ದಿನವೂ ಒರಸುವುದರ ಬದಲು ವಾರಕ್ಕೆರಡು ಸಲ ಹೀಗೆ ತೊಳೆದರೆ ಸಾಕೆಂದು ಏರ್ಪಾಡಾಯಿತು. ಕೆಲಸ ನಾಜೂಕಾದ್ದರಿಂದ ಸಂಬಳವನ್ನೂ ತುಸು ಏರಿಸಲಾಯಿತು. ಕೊಳವೆಬಾವಿಯ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಹನಿಗಳು ಗಾಡಿಯ ಮೇಲೆಯೇ ಆರಿದರೆ ಬಿಳಿಯ ಕಲೆ ಕಟ್ಟುತ್ತದೆ. ಆದುದರಿಂದ ಕಡೆಯ ನೀರನ್ನು ಕಾವೇರಿಯ ನಲ್ಲಿಯಿಂದ ಹಾಕಿ, ಒಡನೆಯೇ ಒಣಬಟ್ಟೆಯಿಂದ ತೇವ ಹೀರಿಸುವುದು ಯುಕ್ತ.

ಇದಾದ ಮೇಲೆ ಲೇಪದ ಆಯ್ಕೆ. ಹಳೆಯ ಗೀರುಗಳಿಗೆ ಯಂತ್ರದಿಂದ ಒಂದು ಸಲ ಹಗುರವಾಗಿ ಪಾಲಿಶ್ ಮಾಡಿಸಿ, ಫೆಬ್ರವರಿಯ ಮೊದಲ ಭಾನುವಾರ ಬಾನೆಟ್ಟಿನ ನಡುವೆ ಕಾಗದದ ಪಟ್ಟಿ ಅಂಟಿಸಿ, ಎಡಕ್ಕೆ ಕಾರ್ನೌಬ ಮೇಣವನ್ನೂ ಬಲಕ್ಕೆ ಪಾಲಿಮರ್ ಲೇಪವನ್ನೂ ಹಚ್ಚಿದೆವು. ಪ್ರತಿ ಭಾನುವಾರವೂ ನೀರು ಚಿಮುಕಿಸಿ, ಹನಿ ಕಟ್ಟುವುದೋ ಹರಡುವುದೋ ಎಂದು ಮೊಮ್ಮಗನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟನು. ಮೊದಲ ತಿಂಗಳು ಎಡಭಾಗವೇ ಚೆಲುವಾಗಿತ್ತು. ನೋಡಿದವರು ಅದನ್ನೇ ಹೊಗಳಿದರು. ಆರನೆಯ ವಾರದ ಹೊತ್ತಿಗೆ ಯುಗಾದಿಯ ಮುಂಚಿನ ಬಿಸಿಲು ಬಲವಾಗಿ, ಎಡಕ್ಕೆ ನೀರು ಹನಿ ಕಟ್ಟದೆ ಹಾಳೆಯಂತೆ ಹರಡಿತು. ಬಲಕ್ಕೆ ಜೂನ್ ತಿಂಗಳ ಮಳೆಯವರೆಗೂ ಹನಿ ಉರುಳುತ್ತಲೇ ಇದ್ದಿತು. ಎದುರುಮನೆಯ ಮಾವಿನ ಮರ ಹೂಬಿಟ್ಟಾಗ ಜಿಗಿಹುಳುವಿನ ಅಂಟು ಎರಡು ಕಡೆಗೂ ಸಮನಾಗಿ ಬಿದ್ದಿತು. ಬಲಭಾಗದಲ್ಲಿ ಅದು ಶಾಂಪುವಿಗೇ ಬಿಟ್ಟುಕೊಂಡಿತು. ಹಕ್ಕಿಯ ಹಿಕ್ಕೆ ಒಂದು ದಿನದ ಬಿಸಿಲಿಗೆ ಉಳಿದಾಗ ಮಾತ್ರ ಎರಡೂ ಕಡೆ ಕಲೆ ಕಚ್ಚಿತು. ಅದನ್ನು ಕಂಡೊಡನೆ ಒದ್ದೆಬಟ್ಟೆ ಇಟ್ಟು ನೆನೆಸಿ, ಉಜ್ಜದೆ ಎತ್ತಬೇಕು. ಯಾವ ಲೇಪವೂ ಈ ಎಚ್ಚರಕ್ಕೆ ಬದಲಾಗಲಾರದು.

ಆದುದರಿಂದ ನಮ್ಮ ಅಭಿಮತವಿಷ್ಟು. ಬಯಲಿನಲ್ಲಿ, ಬಿಸಿಲಿನಲ್ಲಿ ನಿಲ್ಲುವ ಕರಿಯ ಕಾರಿಗೆ ಪಾಲಿಮರ್ ಲೇಪವನ್ನು ವರ್ಷಕ್ಕೆ ಎರಡು ಮೂರು ಸಲ ಹಚ್ಚುವುದು ಗೃಹಸ್ಥರಿಗೆ ಸಮೀಚೀನ. ಹಬ್ಬಕ್ಕೋ ಮದುವೆಗೋ ಕಾಂತಿ ಬೇಕೆಂದರೆ ಅದರ ಮೇಲೆ ಒಂದು ಕೈ ಕಾರ್ನೌಬ ಹಚ್ಚಬಹುದು. ನೆರಳಿನ ಷೆಡ್ಡು ಉಳ್ಳವರು, ಬಹುವರ್ಷ ಅದೇ ಗಾಡಿಯನ್ನು ಇಟ್ಟುಕೊಳ್ಳುವವರು, ತೊಳೆಯುವ ಕ್ರಮ ಸರಿಯಿರುವವರು ಸೆರಾಮಿಕ್ ಹಾಕಿಸಿದರೆ ಹಣ ದಂಡವಾಗದು. ಆದರೆ ಅದಕ್ಕೆ ಮೊದಲು ಗೀರುಗಳನ್ನು ತೆಗೆಸಿರಬೇಕು. ಇಲ್ಲವಾದರೆ ಗೀರುಗಳ ಮೇಲೆಯೇ ಲೇಪ ಬೀಳುತ್ತದೆ. ಯಾವುದೇ ಆಗಲಿ, ನೆರಳಿನಲ್ಲಿ, ಲೋಹ ತಣ್ಣಗಿರುವಾಗ, ತೆಳುವಾಗಿ ಹಚ್ಚಬೇಕು. ದಪ್ಪ ಬಳಿದರೆ ಬಾಳಿಕೆ ಹೆಚ್ಚದು; ಕಪ್ಪಿನ ಮೇಲೆ ಒರಸಿದ ಗೆರೆಗಳು ಉಳಿಯುತ್ತವೆ. ರಬ್ಬರಿಗೂ ಪ್ಲಾಸ್ಟಿಕ್ಕಿಗೂ ತಾಗಬಾರದು. ಒಣಗಿದ ಮೇಲೆ ಬೆಳ್ಳಗೆ ನಿಲ್ಲುತ್ತದೆ. ಪಾಲಿಮರ್ ಹಚ್ಚಿದ ದಿನ ಗಾಡಿಗೆ ನೀರು ಸೋಕಿಸಕೂಡದು. ಧೂಳು ಹಿಡಿದ ಗಾಡಿಗೆ ಹೊದಿಕೆ ಹೊದಿಸುವುದೂ ಸಲ್ಲದು. ಗಾಳಿಗೆ ಅಲುಗಾಡಿ ಹೊದಿಕೆಯೇ ಗೀರುತ್ತದೆ.

ಆ ವರ್ಷದ ಖರ್ಚನ್ನು ಕೂಡಿಸಿ ನೋಡಿದೆವು. ಪಾಲಿಶ್, ಲೇಪ, ಬಟ್ಟೆ, ಬಕೆಟ್ಟು, ಏರಿಸಿದ ಸಂಬಳ ಎಲ್ಲ ಸೇರಿಯೂ ಅಂಗಡಿಯವರು ಹೇಳಿದ ಮೊತ್ತದ ಅರ್ಧವಾಗಲಿಲ್ಲ. ಹೊಸ ಗೀರುಗಳು ಅಲ್ಲೊಂದು ಇಲ್ಲೊಂದು ಬಿಟ್ಟರೆ ಕಾಣಲಿಲ್ಲ. ಇದನ್ನು ಕಂಡು ಬೀದಿಯ ಇನ್ನೂ ಮೂರು ಮನೆಯವರು ಅವನಿಗೆ ತಮ್ಮ ತಮ್ಮ ಗಾಡಿಗೆ ಬೇರೆ ಬಟ್ಟೆಯನ್ನೂ ಸಾಕಷ್ಟು ನೀರನ್ನೂ ಕೊಡತೊಡಗಿದರು. ೨೦೨೪ರ ಆಯುಧಪೂಜೆಯ ದಿನ ಮಗನು ಕಾರಿಗೆ ಹೂವಿನ ಹಾರ ಹಾಕಿ, ಬಾನೆಟ್ಟಿಗೆ ಗಂಧ ಕುಂಕುಮ ಇಡುವಷ್ಟರಲ್ಲಿ, ಆತನು ತನ್ನ ಎರಡು ಬಕೆಟ್ಟುಗಳನ್ನು ತೊಳೆದು ತಂದು ಮುಂದಿನ ಚಕ್ರದ ಪಕ್ಕದಲ್ಲಿ ಇಟ್ಟನು. ಸೊಸೆ ಅವುಗಳಿಗೂ ಕುಂಕುಮವಿಟ್ಟು ಒಂದೊಂದು ಸೇವಂತಿಗೆ ಏರಿಸಿದಳು. ಸಂಜೆ ಬಿಸಿಲು ಇಳಿಯುವ ಮುನ್ನವೇ ಆತನು ಬಾನೆಟ್ಟಿನ ಕುಂಕುಮವನ್ನು ನೀರು ಹಾಕಿ ಇಳಿಸಿ ಮನೆಗೆ ಹೋದನು. ಬಣ್ಣಕ್ಕೆ ಕಲೆ ಹಿಡಿಯಲಿಲ್ಲ.