ಪೆನ್ನಿಗೊಂದು ಕಾಲುವೆ

ನಮ್ಮ ತಾತ ಶ್ಯಾನುಭೋಗರು. ಅವರು ಬಿಟ್ಟುಹೋದದ್ದರಲ್ಲಿ ಜಮೀನು ದೊಡ್ಡಪ್ಪನಿಗೆ, ಬೆಳ್ಳಿ ಚೊಂಬು ಅತ್ತೆಗೆ, ನೆಲದ ಮೇಲೆ ಕೂತು ಬರೆಯುವ ಇಳಿಜಾರು ಡೆಸ್ಕು ನನಗೆ ಬಂತು. ಆರ್‌ಪಿಸಿ ಲೇಔಟಿನ ನಮ್ಮ ಮನೆಯಲ್ಲಿ ಅದು ಮೊದಲು ಟಿವಿಯ ಕೆಳಗೆ, ಆಮೇಲೆ ಮಂಚದ ಕೆಳಗೆ, ಕೊನೆಗೆ ಮಹಡಿ ಮೆಟ್ಟಿಲಿನ ಕೆಳಗೆ ಇಳಿಯಿತು. ಇಳಿಜಾರಿನ ವಸ್ತು, ಇಳಿಯದೆ ಏನು ಮಾಡೀತು! ಅಲ್ಲಿ ಗೆದ್ದಲು ಅದನ್ನು ಕಂಡುಹಿಡಿಯಿತು. ತಿಂದದ್ದು ತಲೆಯ ಪಟ್ಟಿಯೊಂದನ್ನೇ. ಆದರೆ ತಾತ ಲೆಕ್ಕಣಿಕೆ ಇಡುತ್ತಿದ್ದ ದುಂಡು ಕಾಲುವೆ ಇದ್ದದ್ದೇ ಆ ಪಟ್ಟಿಯಲ್ಲಿ.

ನಿವೃತ್ತಿಯ ಹುಮ್ಮಸ್ಸು, ಹೊಸ ಪಟ್ಟಿ ನಾನೇ ಮಾಡುತ್ತೇನೆ ಎಂದೆ. ಮಗ ಕೊಡಿಸಿದ ಪುಟ್ಟ ರೌಟರ್, ಆಚಾರಿಗಳ ಭಾಷೆಯಲ್ಲಿ ಟ್ರಿಮ್ಮರ್, ಪೆಟ್ಟಿಗೆಯಲ್ಲೇ ಇತ್ತು. "ಪೆನ್ನು ಇಡೋಕೆ ಒಂದು ಲೋಟ ಸಾಲದೇನ್ರೀ?" ಎಂದಳು ಹೆಂಡತಿ. ಸಾಲುತ್ತದೆ. ಆದರೆ ಆ ತರ್ಕ ಹಿಡಿದರೆ ಲೋಕದಲ್ಲಿ ಬಡಗಿ ಕೆಲಸವೇ ಉಳಿಯುವುದಿಲ್ಲ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ನಮಗೆ ದೂರವಲ್ಲ. ಅಲ್ಲಿ ತೇಗದ ತುಂಡೊಂದು ಸುಲಭವಾಗಿ ಸಿಕ್ಕಿತು. ಕಷ್ಟ ಶುರುವಾದದ್ದು ರೌಟರ್ ಮೂತಿಗೆ ಸಿಕ್ಕಿಸುವ ಅಲಗು, ಎಂದರೆ ಬಿಟ್, ಕೊಳ್ಳಲು ಎಸ್‌ಜೆಪಿ ರಸ್ತೆಗೆ ಹೋದಾಗ.

"ರೌಂಡ್ ಬಿಟ್ ಕೊಡಪ್ಪ," ಎಂದೆ.

"ಎಲ್ಲಾ ಬಿಟ್ಟೂ ರೌಂಡೇ ತಿರುಗೋದು ಸಾರ್," ಎಂದ ಹುಡುಗ.

ಹುಡುಗ ಹೇಳಿದ್ದು ಸರಿ. ಅವನು ಮುಂದೆ ಹರಡಿದ ಸರಕಿನಲ್ಲಿ 'ರೌಂಡ್' ಎನ್ನಬಹುದಾದವು ನಾಲ್ಕು ಜಾತಿ. ರೌಂಡ್ ಓವರ್ ಬಿಟ್ ಹಲಗೆಯ ಅಂಚನ್ನು ಉಬ್ಬಾಗಿ ದುಂಡು ಮಾಡುತ್ತದೆ, ಕಾಲುವೆ ತೋಡುವುದಿಲ್ಲ. ಕೋವ್ ಬಿಟ್ ತಗ್ಗು ಮಾಡುತ್ತದೆ ನಿಜ, ಆದರೆ ಅದರ ಮೂತಿಗೆ ಬೇರಿಂಗ್ ಇದ್ದರೆ ಹಲಗೆಯ ಅಂಚು ಬಿಟ್ಟು ಒಳಗೆ ಬರಲಾರದು. ಬೌಲ್ ಬಿಟ್‌ನದು ಚಪ್ಪಟೆ ತಳ, ಮೂಲೆ ಮಾತ್ರ ದುಂಡು. ಅದು ತಟ್ಟೆ ಮಾಡುವವರಿಗೆ. ನನಗೆ ಬೇಕಾದದ್ದು ಕೋರ್ ಬಾಕ್ಸ್ ಬಿಟ್. ಕೆಲವರು ರೌಂಡ್ ನೋಸ್ ಎನ್ನುತ್ತಾರೆ. ತುದಿ ಅರ್ಧ ಗೋಲಿಯಂತೆ ಇರುತ್ತದೆ.

"ಎಷ್ಟು ಸೈಜು ಸಾರ್?" ಎಂದ. ಜೇಬಿನ ಪೆನ್ನು ತೆಗೆದುಕೊಟ್ಟೆ. ವರ್ನಿಯರ್ ಹಚ್ಚಿ 11 ಮಿ.ಮೀ. ಎಂದ. ಹಾಗಾದರೆ ಅರ್ಧ ಇಂಚು, ಎಂದರೆ 12.7 ಮಿ.ಮೀ. ಪೆನ್ನಿನಷ್ಟೇ ದಪ್ಪದ ಬಿಟ್ ಕೊಂಡರೆ ಪೆನ್ನು ಕಾಲುವೆಗೆ ಕಚ್ಚಿಕೊಳ್ಳುತ್ತದೆ. ಚೂರು ಸಡಿಲ ಇರಬೇಕು. ಆಳದ ಲೆಕ್ಕವೂ ಇದೆ. ಈ ಬಿಟ್ 4 ಮಿ.ಮೀ. ಇಳಿದರೆ ಮೇಲಿನ ಅಗಲ ಸುಮಾರು 11.8 ಮಿ.ಮೀ.; 6.35 ಇಳಿದರೆ ಪೂರ್ತಿ ಅರ್ಧ ವೃತ್ತ. ಅದಕ್ಕಿಂತ ಕೆಳಗೆ ಇಳಿಸಿದರೆ ಅಗಲ ಹೆಚ್ಚುವುದಿಲ್ಲ, ಗೋಡೆ ನೆಟ್ಟಗಾಗಿ ಚರಂಡಿಯಂತೆ ಕಾಣುತ್ತದೆ. ಪೆನ್ನಿನ ಬಹುಪಾಲು ಮೇಲಿದ್ದರೆ ತಾನೇ ಬೆರಳಿಗೆ ಸಿಗುವುದು? ನಾಲ್ಕೇ ಸಾಕು.

ತೇಗದಲ್ಲಿ ಸಿಲಿಕಾ ಇರುತ್ತದೆ, ಬರೀ ಉಕ್ಕಿನ ಅಲಗು ಬೇಗ ಮೊಂಡಾಗುತ್ತದೆ. ಹಾಗಾಗಿ ಕಾರ್ಬೈಡ್ ಮೂತಿ, ಎರಡು ಅಲಗಿನದು. ಇಲ್ಲಿಯವರೆಗೆ ನಾನು ಜಾಣ.

ಎಡವಿದ್ದು ಹಿಡಿಯಲ್ಲಿ. ನನ್ನ ಯಂತ್ರದಲ್ಲಿ ಬಿಟ್ ಕಚ್ಚಿ ಹಿಡಿಯುವ ಕಾಲೆಟ್ ಕಾಲು ಇಂಚಿನದು, 6.35 ಮಿ.ಮೀ. ನಾನು ತಂದ ಬಿಟ್‌ನ ಹಿಡಿ, ಎಂದರೆ ಶ್ಯಾಂಕ್, 6 ಮಿ.ಮೀ. ಮೂರೂವರೆ ದಶಾಂಶದ ವ್ಯತ್ಯಾಸ ಯಾವ ಲೆಕ್ಕ ಎಂದು ಬಿಗಿದೆ. ಗೆದ್ದಲು ಹಿಡಿದ ಪಟ್ಟಿಯ ಮೇಲೆ ಪರೀಕ್ಷೆ ಮಾಡಿದ್ದು ಪುಣ್ಯ: ಅದುರಿ ಅದುರಿ ಬಿಟ್ ಕೆಳಕ್ಕೆ ಜಾರಿತು. ಈ ತುದಿಯಲ್ಲಿ 4 ಇದ್ದ ಆಳ ಆ ತುದಿಗೆ ಹೋಗುವಷ್ಟರಲ್ಲಿ 9. ನಾಲೆಗಾದರೆ ಇಂಥ ವಾಟ ಬೇಕು, ಪೆನ್ನಿಗಲ್ಲ. ಪಕ್ಕದ ಬೀದಿಯ ಆಚಾರ್ರು ನೋಡಿ, "ಮೊದಲು ಕಾಲೆಟ್ ನೋಡ್ಕೊಂಡು ಆಮೇಲೆ ಬಿಟ್ ತರಬೇಕು ಸಾರ್," ಎಂದರು. ಮತ್ತೆ ಎಸ್‌ಜೆಪಿ ರಸ್ತೆ. ಹುಡುಗ ನಗಲಿಲ್ಲ, ದೊಡ್ಡತನ.

ಎರಡನೇ ಸಲ ಆಚಾರ್ರೇ ಪಕ್ಕದಲ್ಲಿ ನಿಂತರು. ಬಿಟ್ಟನ್ನು ತಳದವರೆಗೆ ತೂರಿಸಿ, ಎರಡು ಮಿ.ಮೀ. ಹೊರಗೆಳೆದು ಬಿಗಿಸಿದರು. ಬೇರಿಂಗ್ ಇಲ್ಲದ ಬಿಟ್, ಹಾದಿ ತೋರಿಸಲು ಪಟ್ಟಿ ಬೇಕು. "ಪಟ್ಟಿ ಎಡಗಡೆ ಇರ್ಲಿ, ನಿಮ್ಮಿಂದ ಆಚೆಗೆ ತಳ್ಳಿ." ಹಾಗೆ ತಳ್ಳಿದರೆ ತಿರುಗುವ ಬಿಟ್ ಯಂತ್ರವನ್ನು ತಾನೇ ಪಟ್ಟಿಗೆ ಒತ್ತಿಕೊಳ್ಳುತ್ತದೆ. ನಿಮಿಷಕ್ಕೆ 20,000 ಸುತ್ತು ತಿರುಗಿದರೆ ಈ ಬಿಟ್‌ನ ಅಂಚು ಗಂಟೆಗೆ ಸುಮಾರು 48 ಕಿ.ಮೀ. ಓಡುತ್ತದೆ, ಸಂಜೆಯ ಮೈಸೂರು ರಸ್ತೆಯಲ್ಲಿ ಯಾವ ಬಸ್ಸೂ ಕಾಣದ ವೇಗ. ಆದರೆ ನಟ್ಟನಡುವಿನ ತುದಿಯ ವೇಗ ಸೊನ್ನೆ. ಬೀಸುವ ಕಲ್ಲಿನ ಗೂಟ ಎಲ್ಲಿಗಾದರೂ ಹೋಗುತ್ತದೆಯೆ? ಹಾಗಾಗಿ ಕಾಲುವೆಯ ತಳದಲ್ಲಿ ಮರ ಕತ್ತರಿಸುವುದಕ್ಕಿಂತ ಉಜ್ಜುವುದೇ ಹೆಚ್ಚು, ಸುಡುವುದೂ ಅಲ್ಲೇ. ಒಂದೇ ಸಲ ಇಳಿಸಬಾರದು: ಒಂದೂವರೆ, ಮೂರು, ಮೂರೂವರೆ, ಕೊನೆಯ ಅರ್ಧ ಮಿ.ಮೀ. ಸವರಿದ ಹಾಗೆ. ನಡುವೆ ನಿಲ್ಲಲೂಬಾರದು.

ನಾನು ನಿಂತೆ. ಕೊನೆಯ ಸುತ್ತಿನಲ್ಲಿ ಗೇಟಿನ ಹತ್ತಿರ ಕೊರಿಯರ್‌ನವನು ಕೂಗಿದ, ತಲೆಯೆತ್ತಿದೆ. ಎರಡು ಸೆಕೆಂಡು. ತಳದಲ್ಲಿ ಹೆಸರುಕಾಳಿನಷ್ಟು ಕಪ್ಪು ಮಚ್ಚೆ.

ಡೆಸ್ಕು ಈಗ ನಡುಮನೆಯಲ್ಲಿದೆ. ನೋಡಿದವರೆಲ್ಲ ಆ ಮಚ್ಚೆಯನ್ನು ಮುಟ್ಟಿ, "ತಾತನ ಕಾಲದ ಶಾಯಿ ಅಲ್ವೇ?" ಎನ್ನುತ್ತಾರೆ. ನಾನು ಇನ್ನೂ ಯಾರಿಗೂ ಅಲ್ಲ ಎಂದಿಲ್ಲ.